ಗಾಜಿನ ಮೇಲೆ ಉಗುರುಬಣ್ಣ

ಸಂತ ಮಾರ್ಟಿನೋ ಹಬ್ಬದ ಮಾರನೆಗೆ
ಸೂರ್ಯ ಬೆಟ್ಟದ ಬೆನ್ನಿಗೆ ಸರಿದ.
ಇನ್ನು ಎಂಬತ್ತಮೂರು ದಿನ ಬಿಸಿಲೆಲ್ಲ ಎದುರಿನ ಶಿಖರಕ್ಕೇ;
ನಮಗೆ, ಪಕ್ಕದ ಮನೆಯ ಮದುವೆಯೂಟದ ವಾಸನೆಯಷ್ಟು.

ಪೊಲೆಂಟಾ ತಿರುವುವ ನಡುವೆ ಕಿಟಕಿಗೆ ಬರುತ್ತೇನೆ.
ಹಿಮದ ಮೇಲೆ ಬೆಳಕು ಎಲ್ಲಿವರೆಗೆ ಇಳಿದಿದೆಯೋ
ಅಲ್ಲಿಗೆ ಗಾಜಿನ ಮೇಲೊಂದು ಕೆಂಪು ಚುಕ್ಕೆ,
ಒಣಗುತ್ತ ಬಂದ ಉಗುರುಬಣ್ಣದಲ್ಲಿ.

ಇಲಾರಿಯೋನ ಚುಕ್ಕೆಗಳು ನನ್ನವಕ್ಕಿಂತ ಎರಡು ಗೇಣು ಕೆಳಗೆ.
"ನೋಡಮ್ಮ, ನನ್ನ ಬಿಸಿಲು ಆಗಲೇ ಲಾರ್ಚ್ ತೋಪಿಗೆ ಬಂತು,
ನಿನ್ನದಿನ್ನೂ ಬಂಡೆಯಲ್ಲೇ."

ಇವತ್ತು ಹೋದ ವರ್ಷದ್ದೊಂದು ಸಿಕ್ಕಿತು,
ಉಜ್ಜಿದರೂ ಹೋಗದೆ ಉಳಿದದ್ದು.
ಅವನದೇ, ಇದೇ ದಿನದ್ದು,
ನಾಲ್ಕು ಬೆರಳು ಕೆಳಗೆ.

ಅವನು ಮಾತಾಡಲಿಲ್ಲ.
ಮೊಣಕಾಲು ಮಡಿಸಿ
ಕಣ್ಣನ್ನು ಹಳೆಯ ಎತ್ತರಕ್ಕೆ ತಂದ.
ಬೆಳಕು ಚುಕ್ಕೆಗೆ ಸರಿಯಾಗಿ ನಿಂತಿತು.

ಹಾಗೇ ಇದ್ದ,
ಪೊಲೆಂಟಾ ತಳ ಹಿಡಿಯುವವರೆಗೆ.