ಎಡ ಜೇಬು

ನನ್ನ ಕೆಲಸ ಮುಖ ನೋಡುವುದು.
ಗೇಟು ಪೀಂ ಎಂದಾಗ ನನ್ನ ಪುಟ್ಟ ಪರದೆಯ ಮೇಲೆ
ಪಾಸಿನವರ ಫೋಟೋ ಮೂಡುತ್ತದೆ.
ಗಾಜಿನಾಚೆ ಟೋಪಿ, ಕಪ್ಪು ಕನ್ನಡಕ, ಕೆಂಪಾದ ಮೂಗು.
ಎರಡೂ ಒಂದೇ ಎಂದು ನಾನು ಒಪ್ಪಬೇಕು,
ಎರಡು ಸೆಕೆಂಡಿನಲ್ಲಿ.

ಬೋಹೀನ್ ಕಣಿವೆಯ ಈ ಗುಡ್ಡಕ್ಕೆ ಇರುವುದೊಂದೇ ಸ್ಕೀ ಲಿಫ್ಟು,
ನಲವತ್ತೆರಡು ಕುರ್ಚಿ, ಹದಿನೇಳನೆಯದು ಕಿರುಗುಟ್ಟುತ್ತದೆ.
ಬೆರ್ನಾರ್ದಾಗೆ ಮೂರು ಮಕ್ಕಳು, ಪಾಸು ಒಂದು.
ಗಾಶ್ಪೆರನ ಹೆಸರು, ಹನ್ನೆರಡರ ಗಾಶ್ಪೆರನ ಮುಖ,
ಮುಂದಿನ ಹಲ್ಲು ಚೂರು ಮುರಿದ ನಗು.
ಅವನಿಗಾಗಲೇ ಹದಿನಾಲ್ಕು.
ಪಾಸು ಇರುವುದು ಕೆಂಪು ಜಾಕೀಟಿನ ಎಡ ಜೇಬಿನಲ್ಲಿ.
ಹಾಗಾಗಿ ಅವರು ಪಾಸು ಕೊಟ್ಟು ಇಸಿದುಕೊಳ್ಳುವುದಿಲ್ಲ,
ಜಾಕೀಟನ್ನೇ ಬಿಚ್ಚಿ ಕೊಡುತ್ತಾರೆ.
ಹತ್ತಕ್ಕೆ ಗಾಶ್ಪೆರ್, ಹನ್ನೆರಡೂವರೆಗೆ ನೇಜಾ,
ಬೆಳಕು ಇಳಿಯುವ ಮುನ್ನ ಒಂದು ಗಂಟೆ ಟಿಲೆನ್ –
ತೋಳಿನೊಳಗೆ ಅವನ ಕೈ ಎಲ್ಲಿದೆಯೆಂದು ಹುಡುಕಬೇಕು.
ಬಿಚ್ಚಿದವನು ಸೌದೆ ಕೊಟ್ಟಿಗೆಯ ಹಿಂದೆ
ಸ್ವೆಟರಿನಲ್ಲಿ ನಡುಗುತ್ತ ನಿಲ್ಲುತ್ತಾನೆ.
ತೊಟ್ಟವಳಿಗೆ ಅವನ ಮೈಬಿಸಿ.

'ಪಾಸನ್ನು ಬೇರೆಯವರಿಗೆ ಕೊಡತಕ್ಕದ್ದಲ್ಲ.'
ಹಲಗೆಯ ಮೇಲಿದೆ, ನಾಲ್ಕು ಭಾಷೆಯಲ್ಲಿ.
ಬಣ್ಣ ಬಳಿದವನು ನಾನೇ.
ಬೇರೆಯವರು ಅಂದರೆ ಯಾರು, ಅದನ್ನು ಬರೆಸಿಲ್ಲ.

ಕನಿಕರದಿಂದ ಬಿಟ್ಟೆ ಅಂದುಕೊಳ್ಳಬೇಡಿ.
ಮೊದಲ ವಾರ ನನಗೆ ಗೊತ್ತೇ ಆಗಲಿಲ್ಲ.
ಎರಡನೆಯ ವಾರ, ಗೊತ್ತಾಗಲಿಲ್ಲವಲ್ಲ ಎಂದು ನಾಚಿಕೆ.
ಆಮೇಲೆ ಹೇಳುವ ಹೊತ್ತು ಮೀರಿತ್ತು.

ಫೆಬ್ರುವರಿಯ ಒಂದು ಮಂಗಳವಾರ, ಎರಡು ಹತ್ತಕ್ಕೆ,
ಮೇಲಿನಿಂದ ರೇಡಿಯೋ ಗೊರಗುಟ್ಟಿತು:
'ಹುಡುಗ ಬಿದ್ದಿದ್ದಾನೆ. ಕೈ ಮುರಿದಿದೆ.
ಪಾಸಿನಲ್ಲಿ ಹೆಸರು ಗಾಶ್ಪೆರ್. ಮನೆಯವರಿಗೆ ತಿಳಿಸು.'
ಗಾಶ್ಪೆರ್ ನನ್ನ ಕಿಟಕಿಯ ಕೆಳಗೇ ನಿಂತಿದ್ದ,
ಕಂಕುಳಲ್ಲಿ ಬೆರಳು ಹುದುಗಿಸಿ.
ತನ್ನ ಕೈ ಮುರಿದ ಸುದ್ದಿಯನ್ನು ತಾನೇ ಕೇಳಿದ.
ಎರಡೂ ಕೈ ಹೊರತೆಗೆದು ನೋಡಿಕೊಂಡ, ನಿಜಕ್ಕೂ.
ಆಮೇಲೆ ಓಡಿದ.

ಜಾರುಗಾಡಿಯಲ್ಲಿ ಕಂಬಳಿ ಸುತ್ತಿ ನೇಜಾಳನ್ನು ಇಳಿಸಿದರು.
ಕತ್ತರಿ ಹಾಕಿ ಜಾಕೀಟಿನ ತೋಳು ಸೀಳಿದ್ದರು.
ಟೋಪಿ ಎಲ್ಲೋ ಬಿದ್ದು ಎರಡೂ ಜಡೆ ಹೊರಗಿದ್ದವು.
'ಹೆಸರೇನು ಮಗೂ?'
ಹಲ್ಲು ಕಚ್ಚಿ ಅಂದಳು: 'ಗಾಶ್ಪೆರ್.'
ಅಮ್ಮ ಅವಳ ಹಣೆಯ ಮೇಲೆ ಕೈಯಿಟ್ಟು
'ನೇಜಾ' ಎಂದಳು, ನನ್ನನ್ನೇ ನೋಡುತ್ತ.
ನಾನು ಪರದೆ ಒರೆಸಿದೆ. ಅದರ ಮೇಲೆ ಏನೂ ಇರಲಿಲ್ಲ.
'ಹಾಗಾದರೆ ನನ್ನ ಸರದಿ?' ಎಂದ ಟಿಲೆನ್.
ಯಾರೂ ಉತ್ತರಿಸಲಿಲ್ಲ.

ಮೂರು ಚಳಿಗಾಲ ಕಳೆದವು.
ಗಾಶ್ಪೆರನಿಗೆ ಮೀಸೆ, ಗರಗಸದ ಮಿಲ್ಲಿನಲ್ಲಿ ಕೆಲಸ; ಹಿಮ ಬೇಡ.
ನೇಜಾ ಬೇಸಿಗೆಯಿಡೀ ಸರೋವರದ ದೋಣಿ ಕಾದು
ತನ್ನದೇ ಪಾಸು ಮಾಡಿಸಿದ್ದಾಳೆ;
ಗೇಟಿನಲ್ಲಿ ಪ್ರತಿ ಸಲ ಕನ್ನಡಕ ತೆಗೆದು ಮುಖ ತೋರಿಸುತ್ತಾಳೆ,
ಸಾಲ ತೀರಿಸಿದವರ ಹಾಗೆ.
ಹಳೆಯ ಕಾರ್ಡಿಗೆ ಡಿಸೆಂಬರ್ ಬಂದರೆ ಬೆರ್ನಾರ್ದಾ ದುಡ್ಡು ತುಂಬಿಸುತ್ತಾಳೆ.
ಫೋಟೋ ಬದಲಿಸಿ ಎಂದು ಅವಳು ಹೇಳಲಿಲ್ಲ,
ಕೌಂಟರಿನವರು ಕೇಳಲೂ ಇಲ್ಲ.

ಇವತ್ತು ಬೆಳಿಗ್ಗೆ ಗೇಟು ಪೀಂ ಎಂದಿತು.
ಕೆಂಪು ಜಾಕೀಟು, ತೋಳಿನುದ್ದಕ್ಕೂ ನೀಲಿ ದಾರದ ಹೊಲಿಗೆ,
ಸರಿಯಾಗಿ ಮಣಿಕಟ್ಟಿಗೆ ಬಂದು ನಿಂತಿದೆ.
ಪರದೆ ನೋಡಿದೆ. ಗಾಜಿನಾಚೆ ನೋಡಿದೆ.
ಅದೇ ಗದ್ದ, ಅದೇ ನಿಮಿರಿದ ಕಿವಿ.
ಇಷ್ಟು ವರ್ಷದಲ್ಲಿ ಮೊದಲ ಸಲ
ಫೋಟೋಗೂ ಮುಖಕ್ಕೂ ಕೂದಲೆಳೆಯಷ್ಟೂ ಅಂತರವಿಲ್ಲ.
ಟಿಲೆನ್ ನಕ್ಕ.
ಹಲ್ಲು ಮಾತ್ರ ಪೂರ್ತಿ ಇತ್ತು.

'ಹೋಗು, ಗಾಶ್ಪೆರ್' ಎಂದೆ.
ಹದಿನೇಳನೆಯ ಕುರ್ಚಿ
ಕಿರುಗುಟ್ಟುತ್ತ ಬರುತ್ತಿತ್ತು.