ಕರಗಿದ್ದರ ಬಾಬ್ತು

ಮುಂಬಯಿ ಫೋರ್ಟಿನ ಈ ನೆಲಮಾಳಿಗೆಯಲ್ಲಿ
ನನ್ನ ಕೆಲಸ ಹಳೇ ಕಾಗದಕ್ಕೆ ಗಂಜಿ ಕುಡಿಸುವುದು.
ಮೈದಾ ಗಂಜಿ, ಚಿಟಿಕೆ ಮೈಲುತುತ್ತ,
ಜಪಾನಿ ಕಾಗದದ ಪೊರೆ,
ಆಮೇಲೆ ಕಲ್ಲಿನ ಕೆಳಗೆ ಒಂದು ರಾತ್ರಿ.
ಹುಳು ತಿಂದದ್ದನ್ನು ಮರಳಿ ಬರೆಯುವ ಹಾಗಿಲ್ಲ.
ತೂತು ತೂತಾಗಿಯೇ ಉಳಿಯಬೇಕು, ಅದು ಇಲ್ಲಿನ ಕಟ್ಟಳೆ.

ಮೊನ್ನೆ ಬಂದದ್ದು ಒಂದು ಹಡಗಿನ ಲೆಕ್ಕ.
ಹೆಸರು ಹುಳದ ಹೊಟ್ಟೆಯಲ್ಲಿ.
ಬಾಸ್ಟನ್ನಿನಿಂದ ಮುಂಬಯಿಗೆ ನಾಲ್ಕು ತಿಂಗಳು.
ಸರಕು: ಕೆರೆಯ ನೀರು.
ನಗಬೇಡಿ.
ಹೆಪ್ಪುಗಟ್ಟಿದ ಕೆರೆಯ ಮೇಲೆ ಕುದುರೆ ಹೂಡಿ ಗೆರೆ ಕೊರೆದು,
ಗರಗಸದಲ್ಲಿ ಕೊಯ್ದು,
ಮರದ ಹೊಟ್ಟಿನಲ್ಲಿ ಹುಗಿದು ತಂದ ಗಟ್ಟಿ ನೀರು.
ಸಂದಿಯಲ್ಲಿ ಹನ್ನೆರಡು ಪೀಪಾಯಿ ಸೇಬು.
ಬಂಗಲೆಗಳ ಮೇಜಿಗೆ, ಜ್ವರದ ಹಣೆಗೆ.

ಹತ್ತಿದ ತೂಕ ಒಂದು ಸಾಲು, ಇಳಿದ ತೂಕ ಇನ್ನೊಂದು.
ಐದು ಹತ್ತಿದರೆ ಮೂರು ಇಳಿದಿದೆ.
ಉಳಿದೆರಡಕ್ಕೆ ಗುಮಾಸ್ತ
ಗೀಟೆಳೆದು ಒಂದೇ ಶಬ್ದ ಬರೆದಿದ್ದಾನೆ:
ಸವಕಳಿ.

ಸಸೂನ್ ಡಾಕಿನಲ್ಲಿ ನಮ್ಮವ್ವ ಬರ್ಫ ಹೊರುತ್ತಿದ್ದಳು.
ಯಾದಗಿರಿ ಬಿಟ್ಟ ಮೊದಲ ವರ್ಷ, ನಾನು ಹೊಟ್ಟೆಯಲ್ಲಿ.
ತಲೆಯ ಮೇಲೆ ಗೋಣಿತಾಟು, ಅದರ ಮೇಲೆ ಬುಟ್ಟಿ,
ಲಾರಿಯಿಂದ ದೋಣಿಗೆ, ಬೆಳಗಿನ ಮೂರಕ್ಕೆ.
ದೋಣಿಯ ಬಾಯಲ್ಲಿ ತೂಗಿ ದುಡ್ಡು.
ಹೊತ್ತದ್ದಕ್ಕಲ್ಲ, ಮುಟ್ಟಿಸಿದ್ದಕ್ಕೆ.
ಕತ್ತಿನಿಂದ ಬೆನ್ನಿಗೆ, ಬೆನ್ನಿನಿಂದ ಕುಪ್ಪಸದ ಗಂಟಿಗೆ
ಇಳಿದದ್ದು ಯಾರ ಬಾಬ್ತು
ಎಂದು ಒಮ್ಮೆ ಕೇಳಿದಳಂತೆ.
ತಾಂಡೇಲ ನಕ್ಕನಂತೆ:
‘ಅದು ನಿನ್ನ ಜಳಕ, ಬಾಯಿ. ಪುಕ್ಕಟೆ.’
ಅವ್ವ ಈಗಲೂ ಫ್ರಿಜ್ಜಿನ ನೀರು ಮುಟ್ಟುವುದಿಲ್ಲ.

ಮಂಗಳವಾರಕ್ಕೊಮ್ಮೆ ಬರುವ ಬೆಹೆರಾಮ್ ದಾರೂಖಾನಾವಾಲಾ,
ಎಂಬತ್ತರ ಮುದುಕ, ಜೇಬಿನಲ್ಲಿ ಮಾವಾ ಕೇಕು,
ಅಮೆರಿಕದ ಹಳೇ ಕಾಲ ಓದುವುದೇ ಕಸುಬು.
ಹಾಳೆಗೆ ಬೂದುಗನ್ನಡಿ ಹಿಡಿದು ಹೇಳಿದರು:

‘ಎಲ್ಲರೂ ಸಮನಾಗಿ ಹುಟ್ಟಿದವರು ಅಂತ ಮೊದಲು ಬರೆದರು.
ಹನ್ನೊಂದು ವರ್ಷ ಬಿಟ್ಟು ಮತ್ತೆ ಕೂತರು.
ಬೇಸಿಗೆ. ಗುಟ್ಟು ಹೊರಗೆ ಹೋಗದಿರಲೆಂದು ಕಿಟಕಿ ಮುಚ್ಚಿದ್ದರಂತೆ.
ಗುಲಾಮರನ್ನು ಎಣಿಸುವುದೋ ಬೇಡವೋ, ಅದು ಜಗಳ.
ಎಣಿಸಿ ಎಂದವರು ಯಾರು ಗೊತ್ತೇ? ಒಡೆಯರು!
ತಲೆ ಹೆಚ್ಚಿದರೆ ಸಭೆಯಲ್ಲಿ ಕುರ್ಚಿ ಹೆಚ್ಚು.
ಕೊನೆಗೆ ಐದಕ್ಕೆ ಮೂರು ಎಂದು ಕೈ ಕುಲುಕಿದರು.
ಗುಲಾಮ ಎನ್ನುವ ಶಬ್ದ ಮಾತ್ರ ಹಾಳೆಯಲ್ಲಿಲ್ಲ.
“ಇತರ ಜನ” ಅಷ್ಟೇ.’

ನಾನು ಕುಂಚ ಕೆಳಗಿಟ್ಟೆ.
ಆ ಎರಡು ಪಾಲು ಯಾವುದು, ಸಾಹೇಬರೇ?
ರಾತ್ರಿ ಮಲಗಿದ್ದೋ, ಮಗುವಿಗೆ ಕೂಗಿದ ಹೆಸರೋ,
ಬೆನ್ನೋ?

ಅವರು ಕೇಕು ಮುರಿದು ಅರ್ಧ ಕೊಟ್ಟರು.
‘ಐದು, ಮೂರು, ಇಲ್ಲೂ ಅಲ್ಲೂ ಕೂಡಿತೆಂದು ಹಿಗ್ಗಬೇಡ.
ಬರ್ಫ ಕೊಯ್ದವರು ಕೂಲಿ ಪಡೆದವರು,
ಚಳಿಗಾಲ ಹೊಲವಿಲ್ಲದ ರೈತರು. ಅದು ಬೇರೆ, ಇದು ಬೇರೆ.
ಚರಿತ್ರೆಯಲ್ಲಿ ಲೆಕ್ಕ ಸಲೀಸಾಗಿ ಕೂಡಿದರೆ
ಮತ್ತೊಮ್ಮೆ ಕೂಡಿ ನೋಡು.’
ಕೊಡೆ ಮರೆತು ಹೋದರು.

ಮತ್ತೊಮ್ಮೆ ಕೂಡಿ ನೋಡಿದೆ.
ಅವ್ವನದು ಐದಕ್ಕೆ ನಾಲ್ಕು ಇದ್ದೀತು, ಡಾಕು ಅಷ್ಟೇನೂ ದೂರವಿಲ್ಲ.

ಸಂಜೆ ಹಾಳೆ ಮಗುಚಿದರೆ
ಮೂಲೆಯಲ್ಲಿ ಒಂದು ನೀರಿನ ಕಲೆ.
ಕಾಸಿನಗಲ, ಅಂಚು ಕಂದು.
ತೂಗುವಾಗ ತಕ್ಕಡಿಯಿಂದ ತೊಟ್ಟಿಕ್ಕಿದ್ದೋ,
ಯಾವುದೋ ಆಷಾಢದಲ್ಲಿ ಈ ಚಾವಣಿಯೇ ಸೋರಿದ್ದೋ.
ಬೆಚ್ಚನೆ ನೀರಿನಲ್ಲಿ ತೇಲಿಬಿಟ್ಟರೆ
ಹತ್ತು ನಿಮಿಷದಲ್ಲಿ ಬಿಡುತ್ತದೆ.
ನೀರು ಕಾಯಿಸಿದೆ. ಆರಲು ಬಿಟ್ಟೆ.
ರಿಜಿಸ್ಟರಿನಲ್ಲಿ ಬರೆದೆ:

ತೂತು ಏಳು. ಕಲೆ ಒಂದು.
ಕಾರಣ ತಿಳಿಯದು.
ತೊಳೆದಿಲ್ಲ.