ಮೂವತ್ತೊಂದು ಬಾಟಲಿ

ಹಾಲಪ್ಪ ಲೇಔಟಿನ ಒಂದೇ ಬೀದಿಯಿಂದ ಮೂವತ್ತೊಂದು ಬಾಟಲಿ,
ಉಳಿದ ಬೆಂಗಳೂರಿಗೆಲ್ಲ ಸೇರಿ ಹದಿನಾಲ್ಕು.

ಮುನಿಯಲ್ಲಪ್ಪನನ್ನು ಬೈದು ಪ್ರಯೋಜನವಿಲ್ಲ.
ನಾವು ಕೊಡುವ ಪೆಟ್ರೋಲ್ ದುಡ್ಡು
ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲೇ ಅರ್ಧ ಆವಿಯಾಗುತ್ತೆ.
ಕರೆಂಟಿರಬೇಕು, ಗೇಟು ತೆರೆಯಬೇಕು, ನಾಯಿ ಕಟ್ಟಿರಬೇಕು,
"ನಮ್ ಬೋರೂ ನೋಡಿ ಸಾ" ಅಂತ ಯಾರಾದರೂ ಕರೆಯಬೇಕು.
ಕರೆದರು. ಒಬ್ಬರ ಹಿಂದೆ ಒಬ್ಬರು ಕರೆದರು.
ಅವನು ಹೋದದ್ದು ನೀರಿನ ಜಾಡು ಹಿಡಿದಲ್ಲ,
ಕರೆದ ದನಿಯ ಜಾಡು ಹಿಡಿದು.

ಎಲ್ಲ ಕೂಡಿಸಿ ಭಾಗಿಸಿದೆ: ಅರವತ್ತೆಂಟು.
ಊರಿಗೂರೇ ನೈಟ್ರೇಟು ಕುಡಿಯುತ್ತಿತ್ತು.
ಆದರೆ ಅದು ಊರಿನ ಲೆಕ್ಕವಲ್ಲ,
ಒಂದು ಬೀದಿ ಮೂವತ್ತೊಂದು ಸಲ ಹೇಳಿದ ಒಂದು ಮಾತು.
ಒಂದೇ ಒಡೆದ ಚರಂಡಿಯ ಪಕ್ಕ
ಸಾಲಾಗಿ ಕೂತ ಬೋರುಗಳು ಬೇರೇನು ಹೇಳಿಯಾವು?

ವೇರಿಯೋಗ್ರಾಮ್ ಎಳೆದೆ, ಎಷ್ಟು ದೂರ ನಡೆದರೆ
ನೆರೆಯವ ಅಪರಿಚಿತನಾಗುತ್ತಾನೆ ಅನ್ನುವ ಗೆರೆ.
ಅಲ್ಲೂ ಅದೇ ಬೀದಿ. ಹತ್ತಿರದ ಜೋಡಿ ನಾನೂರ ಅರವತ್ತೈದು,
ಎಲ್ಲ ಅಲ್ಲಿಯವೇ.
ಅಂಕಿ ದೊಡ್ಡದಿದ್ದಲ್ಲಿ ಅಂತರವೂ ದೊಡ್ಡದು,
ಎಪ್ಪತ್ತರ ಮಗ್ಗುಲಿಗೆ ನೂರು.
ಗೆರೆ ಬುಡದಲ್ಲೇ ಎದ್ದು ನಿಂತು ಚಾಡಿ ಹೇಳಿತು:
ಈ ಊರಲ್ಲಿ ಗೋಡೆಗೆ ಗೋಡೆ ಹಚ್ಚಿದವರಿಗೂ ಹೊಂದಾಣಿಕೆಯಿಲ್ಲ.
ನಾನು ನಂಬಲಿಲ್ಲ. ಕೊಡಿಗೇಹಳ್ಳಿಯಲ್ಲಿ
ಎರಡನೇ ಬೋರನ್ನೇ ಯಾರೂ ಕೇಳಿಲ್ಲವಲ್ಲ.

ನಕ್ಷೆಯ ಮೇಲೆ ಚೌಕ ಹಾಕಿದೆ,
ಹಿಂದೆ ಸೀಮೆಎಣ್ಣೆ ಅಳೆಯುತ್ತಿದ್ದ ಸೊಸೈಟಿಯವನ ಹಾಗೆ:
ಕಾರ್ಡಿಗೆ ಇಷ್ಟೇ.
ಮನೆಯಲ್ಲಿ ಮೂವತ್ತೊಂದು ಜನವೆ? ಅದನ್ನೇ ಹಂಚಿಕೊಳ್ಳಿ.
ಹೆಸರಘಟ್ಟದ ಒಂಟಿ ಬಾಟಲಿಗೆ ಪೂರ್ತಿ ಪಾಲು.
ಅರವತ್ತೆಂಟು ಇಳಿದು ಮೂವತ್ತನಾಲ್ಕಾಯಿತು.
ಲೆಕ್ಕ ಸರಿಯೇ. ಚೌಕ ಹಿಗ್ಗಿಸಿದರೆ ಇನ್ನೊಂದು ಉತ್ತರ,
ಅದನ್ನು ನಿರ್ದೇಶಕರು ಕೇಳಲಿಲ್ಲ.
"ಮಿತಿಯೊಳಗಿದೆ" ಅಂದರು, ಟೀ ತರಿಸಿದರು.

ಆಗ ಬಂದಳು ಗಂಗಹನುಮಕ್ಕ,
ಕೂಲ್‌ಡ್ರಿಂಕ್ ಬಾಟಲಿಯಲ್ಲಿ ತಾನೇ ತುಂಬಿದ ನೀರು,
ಸೋರದಂತೆ ಮುಚ್ಚಳಕ್ಕೆ ಬಟ್ಟೆ ಸುತ್ತಿ.
ಅದೇ ಬೀದಿ. ಮೂವತ್ತೆರಡನೆಯದು.
ಮೂರು ದಿನ ಬಿಟ್ಟು ಮತ್ತೆ ಬಂದಳು:
"ನಮ್ ನೀರು ಎಷ್ಟು ಲೆಕ್ಕಕ್ ಬಂತಮ್ಮ?"
ಮೂವತ್ತೆರಡರಲ್ಲಿ ಒಂದು ಪಾಲು ಅನ್ನಲೆ?
ನೀವು ಬಂದದ್ದಕ್ಕೆ ನಿಮ್ಮ ಪಕ್ಕದ ಮನೆಯವರ
ತೂಕವೂ ಒಂದಿಷ್ಟು ಇಳಿಯಿತು ಅನ್ನಲೆ?

ಪರದೆ ತಿರುಗಿಸಿ ಅವಳ ಬೋರು ತೋರಿಸಿದೆ.
ಕ್ರಿಗಿಂಗ್‌ಗೆ ಒಂದು ಹಟವಿದೆ:
ಅಳೆದ ಜಾಗದಲ್ಲಿ ಅದು ಯಾರ ಸರಾಸರಿಗೂ ಬಗ್ಗುವುದಿಲ್ಲ,
ಅಲ್ಲಿ ಸಿಕ್ಕ ಅಂಕಿಯನ್ನೇ ತಿರುಗಿ ಹೇಳುತ್ತದೆ.
ತೊಂಬತ್ತಾರು.
ಬಸ್ ಟಿಕೇಟಿನ ಹಿಂದೆ ಬರೆಸಿಕೊಂಡಳು,
ಎರಡು ಸಲ ಓದಿಸಿಕೊಂಡಳು.
ಆಮೇಲೆ ನಕ್ಷೆಯ ಉತ್ತರಕ್ಕೆ ಬೆರಳಿಟ್ಟು
"ಇಲ್ಲೆಲ್ಲ ಯಾಕೆ ಬೆಳ್ಳಗೈತೆ? ಚೆನ್ನಾಗೈತಾ ನೀರು?"
ಗೊತ್ತಿಲ್ಲದ್ದಕ್ಕೆ ಬಿಳಿ ಬಣ್ಣ ಕೊಟ್ಟಿದ್ದೇವೆ ಅಂದೆ.
ಅಲ್ಲಿಂದ ಯಾರೂ ಕರೆದಿಲ್ಲ.

"ಕರೀದಿದ್ರೆ ಹೋಗಬಾರ್ದಾ?"

ಮುನಿಯಲ್ಲಪ್ಪ ಹೆಲ್ಮೆಟ್ ಹುಡುಕತೊಡಗಿದ.
ಕಪಾಟಿನಲ್ಲಿ ತೊಳೆದಿಟ್ಟ ಬಾಟಲಿ ಇಪ್ಪತ್ತಿದ್ದವು.
ನಾನು ಪರ್ಸು ತೆರೆದೆ, ಪೆಟ್ರೋಲಿಗೆ.